ಕೆರೆ ಹೂಳೆತ್ತೋ ಮುಂಚೆ ಹಕ್ಕಿ, ಗೂಬೆ ಲೆಕ್ಕ ಹಿಡಿಯೋದು ಹೇಗೆ

ಕೆರೆಗೆ ಜೆಸಿಬಿ ಬರ್ತಿದೆ ಅಂದ್ರೆ ಊರಿಗೆಲ್ಲ ಖುಷಿ, ನಂಗೂ ಖುಷೀನೇ, ಆದ್ರೆ ಈಗ ಅಲ್ಲಿ ಏನಿದೆ ಅಂತ ಬರೆದಿಡದೆ ಅಗೆದ್ರೆ ಆಮೇಲೆ ಏನು ಹೋಯ್ತು ಅಂತ್ಲೂ ಗೊತ್ತಾಗಲ್ಲ. ವರ್ಷಪೂರ್ತಿ ಆಗದಿದ್ರೆ ಡಿಸೆಂಬರಿಂದ ಫೆಬ್ರವರಿವರೆಗಾದ್ರೂ ಎಣಿಸಿ, ವಲಸೆ ಬಾತುಗಳು ಸಿಗೋದೇ ಆಗ, ಏಷ್ಯಾದ ನೀರುಹಕ್ಕಿ ಗಣತೀನೂ 1987ರಿಂದ ಜನವರೀಲೇ ನಡೆಯೋದು.

ಬೆಳಗ್ಗೆ ಬೇಗ, ಬಿಸಿಲು ಬೆನ್ನಿಗೆ ಬೀಳೋ ಥರ ಏರಿ ಮೇಲೆ ನಿಂತ್ಕೊಳ್ಳಿ, ಪ್ರತಿ ಸಲ ಅದೇ ಜಾಗ ಅದೇ ಟೈಮು. ಬರೀ "ನಾಮಕೋಳಿ 60" ಅಂತ ಬರೆದ್ರೆ ಅರ್ಧ ಕೆಲಸ ಅಷ್ಟೇ, ಎಷ್ಟು ಆಳದ ನೀರಲ್ಲಿತ್ತು ಅನ್ನೋದೇ ಮುಖ್ಯ. ಒಂದು ಕೋಲಿಗೆ 10 ಸೆಂಟಿಮೀಟರಿಗೊಂದು ಗುರುತು ಹಾಕಿ ಕೆರೆಯಲ್ಲಿ ನೆಟ್ಟುಬಿಡಿ. ಮೆಟ್ಟುಗಾಲು ಹಕ್ಕಿಗೆ ಕಾಲು ಊರೋಕಾಗೋ ನೀರು ಬೇಕು, ವರಟೆ ಅನ್ನೋ ಬಾತು ತಲೆ ಮುಳುಗಿಸಿ ಬಾಲ ಮೇಲೆತ್ತಿ ಮೇಯುತ್ತೆ, ನೀರುಕಾಗೆ ಮುಳುಗಿ ಮೀನು ಹಿಡಿಯುತ್ತೆ. ಕೆರೇನ ಬಾಣಲೆ ಥರ ಅಗೆದ್ರೆ ನೀರುಕಾಗೆಗೆ ಹಬ್ಬ, ಉಳಿದವಕ್ಕೆ ಉಪವಾಸ. ಅದಕ್ಕೆ ಏರಿ ಕಡೆ ಆಳ ಮಾಡಿಸಿ, ನೀರು ಬರೋ ಕಡೆ ಇಳಿಜಾರು ಹಾಗೇ ಬಿಡಿಸಿ. ಕಂಟ್ರಾಕ್ಟರ್ ಒಪ್ಪೋದಾದ್ರೆ ಈ ವರ್ಷ ಅರ್ಧ ಕೆರೆ ಮಾತ್ರ ಅಗೆಸಿ, ಮುಟ್ಟದ ಅರ್ಧದ ಜೊತೆ ಹೋಲಿಸಿ ನೋಡಿದ್ರೇನೇ ಅಗೆದಿದ್ದಕ್ಕೆ ಹಕ್ಕಿ ಕಮ್ಮಿಯಾಯ್ತಾ ಇಲ್ಲ ಮಳೆ ಬರದೆ ಕಮ್ಮಿಯಾಯ್ತಾ ಗೊತ್ತಾಗೋದು.

ಕೆರೆಯೊಳಗಿನ ಕರಿಜಾಲಿ ಮರಾನ ಕಸ ಅಂದ್ಕೊಂಡು ಕಡಿಸ್ಬೇಡಿ ಮಾರಾಯ್ರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಹಕ್ಕಿಗಳು ಗೂಡು ಕಟ್ಟೋದೇ ಅಂಥ ಮರಗಳ ಮೇಲೆ, ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದ್ರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರ್ತು.

ಗೂಬೆ ಕೆಲಸ ಸಂಜೆಗೆ. ಕೆರೆ ಪಕ್ಕದ ತೋಪು, ಕಾಡಂಚು, ಹಳೇ ಮಾವು ಹುಣಸೆ ಇರೋ ಕಡೆ ಕತ್ತಲಾದ್ಮೇಲೆ ಒಂದೊಂದು ಜಾಗದಲ್ಲಿ 10 ನಿಮಿಷ ಸುಮ್ನೆ ನಿಂತು ಕೇಳಿ. ಮೊಬೈಲಲ್ಲಿ ಗೂಬೆ ಕೂಗು ಹಾಕಿ ಕರೀಬೇಡಿ, ಇನ್ನೊಂದು ಗೂಬೆ ಬಂತು ಅಂದ್ಕೊಂಡು ಅದು ಮೊಟ್ಟೆ ಬಿಟ್ಟು ಜಗಳಕ್ಕೆ ಬರಬಹುದು. ಹಗಲಲ್ಲಿ ಪೊಟರೆ ಇರೋ ಮರಗಳ ಲೆಕ್ಕ ತಗೊಳ್ಳಿ, ಗೂಬೆಗೆ ಪೊಟರೆ ಕೊರೆಯೋಕೆ ಬರಲ್ಲ, ಆಗಿರೋದನ್ನೇ ಹುಡುಕ್ಬೇಕು, ಒಣಗಿದ ಮರ ಅಂತ ಕಡಿದ್ರೆ ಅದರ ಮನೆ ಹೋಯ್ತು. ಮರದ ಕೆಳಗೆ ಬೂದು ಬಣ್ಣದ ಉಂಡೆ ಸಿಕ್ರೆ ಕಡ್ಡಿಯಿಂದ ಬಿಡಿಸಿ, ಅದು ಹಿಕ್ಕೆ ಅಲ್ಲ, ಅರಗದೆ ಕಕ್ಕಿದ ಕೂದಲು ಮೂಳೆ, ಒಳಗೆ ಇಲಿ ದವಡೆ ಇರುತ್ತೆ. ಗೂಬೆ ಅಪಶಕುನ ಅನ್ನೋರಿಗೆ ಆ ದವಡೆ ತೋರಿಸಿ, ಹಾಗೇ ಗದ್ದೆಗೆ ಇಲಿ ಪಾಷಾಣ ಇಡ್ತಾರಾ ಅಂತ್ಲೂ ಕೇಳಿ ಬರ್ಕೊಳ್ಳಿ, ವಿಷ ತಿಂದ ಇಲಿ ತಿಂದ್ರೆ ಗೂಬೇನೂ ಸಾಯಬಹುದು.