ಡೊಂಬಿವಲಿಯ 1 ಬಿಎಚ್‌ಕೆಯಲ್ಲಿ ನನ್ನ ಮೂರೂವರೆ ಅಡಿ ಆಫೀಸು

ಸಣ್ಣ ಮನೇಲಿ ಆಫೀಸ್ ಮಾಡ್ಕೋಬೇಕು ಅಂದ್ರೆ ಎಲ್ಲರೂ ಮೊದಲು ಹೇಳೋದು ಒಂದೇ, ಫೋಲ್ಡಿಂಗ್ ಟೇಬಲ್ ತಗೊಳ್ಳಿ, ಕೆಲಸ ಮುಗಿದ್ಮೇಲೆ ಮಡಚಿ ಇಟ್ಬಿಡಿ, ಜಾಗ ಉಳಿಯುತ್ತೆ. ನಾನಂತೂ ಇದನ್ನ ಒಪ್ಪಲ್ಲ. ದಿನಾ ಬಿಚ್ಚಿ ದಿನಾ ಎತ್ತಿಡೋ ಟೇಬಲ್ ಮೇಲೆ ಊಟ ಮಾಡ್ಬಹುದು, ಆಫೀಸ್ ನಡೆಸೋಕೆ ಆಗಲ್ಲ. ಎಷ್ಟೇ ಚಿಕ್ಕದಿರ್ಲಿ, ನಿನ್ನೆ ಬಿಟ್ಟ ಫೈಲು ಇವತ್ತು ಅದೇ ಪುಟದಲ್ಲಿ ತೆರೆದೇ ಇರೋ ಒಂದು ಜಾಗ ಬೇಕು. ನಮ್ಮನೇಲಿ ಅದು ಮೂರೂವರೆ ಅಡಿ, ಅಷ್ಟರಲ್ಲೇ ಎಲ್ಲ ಆಗ್ತಿದೆ.

ನಂದು ಅಕೌಂಟ್ಸ್ ಕೆಲಸ. ಠಾಣೆಯಿಂದ ಕಲ್ಯಾಣ್ ತನಕ ಇರೋ ನಮ್ಮವರ ಉಡುಪಿ ಹೋಟೆಲ್‌ಗಳು, ಒಂದೆರಡು ಕೇಟರಿಂಗ್‌ನವರು, ಇವರ ಲೆಕ್ಕ ಬರೆಯೋದು, ಜಿಎಸ್‌ಟಿ ಫೈಲ್ ಮಾಡೋದು. ಮೊದಲು ಮುಂಬೈನ ಫೋರ್ಟ್‌ನಲ್ಲಿ ಆಫೀಸಿಗೆ ಹೋಗ್ತಿದ್ದೆ, ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ಲೇಡೀಸ್ ಡಬ್ಬಾ ಹತ್ತಿ ಸಿಎಸ್‌ಎಂಟಿ ಸ್ಟೇಷನ್ ತನಕ ನಿಂತ್ಕೊಂಡೇ ಹೋಗಿ ನಿಂತ್ಕೊಂಡೇ ಬರೋದು, ಸಾಕಾಗಿ ಸ್ವಂತ ಪ್ರಾಕ್ಟೀಸ್ ಶುರು ಮಾಡ್ದೆ. ಬಾಡಿಗೆಗೆ ಗಾಳಾ, ಅಂದ್ರೆ ಅಂಗಡಿ ಜಾಗ ನೋಡಿದ್ವಿ, ರೇಟ್ ಕೇಳಿ ವಾಪಸ್ ಬಂದ್ವಿ. ಇರೋದು 380 ಸ್ಕ್ವೇರ್ ಫೀಟ್ ಕಾರ್ಪೆಟ್ ಏರಿಯಾದ ಮನೆ, ಒಳಗೆ ನಾನು, ಇವರು, ಮಗ, ಅತ್ತೆ, ನಾಲ್ಕು ಜನ. ಅದ್ರಲ್ಲೇ ಜಾಗ ಹುಡುಕ್ಬೇಕಿತ್ತು.

ಜಾಗ ಹುಡುಕೋದು ಅಂದ್ರೆ ಟೇಪ್ ಹಿಡಿದು ಅಳೆಯೋದಷ್ಟೇ ಅಲ್ಲ, ಮನೆಯವರು ಎಲ್ಲಿಂದ ಎಲ್ಲಿಗೆ ಓಡಾಡ್ತಾರೆ ಅಂತ ನೋಡೋದು. ಹಾಲ್‌ನಲ್ಲಿ ಟಿವಿ ಪಕ್ಕ ಒಳ್ಳೆ ಮೂಲೆ ಇದೆ, ಬೆಳಕೂ ಇದೆ, ಆದ್ರೆ ಬಾಗಿಲಿಂದ ಕಿಚನ್‌ಗೆ, ಕಿಚನ್‌ನಿಂದ ಬಾತ್‌ರೂಮ್‌ಗೆ ಹೋಗೋ ಪ್ರತಿಯೊಬ್ಬರೂ ಆ ಮೂಲೆ ತಾಗಿಕೊಂಡೇ ಹೋಗ್ಬೇಕು, ಕಸದವನು ಬಂದ್ರೂ ಹಾಲಿನವನು ಬಂದ್ರೂ ಬೆಲ್ ಹೊಡೆಯೋದು ನನ್ನ ಕಿವಿ ಹತ್ರಾನೇ. ಬೆಡ್‌ರೂಮ್ ಹಾಗಲ್ಲ. ಬೆಳಿಗ್ಗೆ 9 ಆದ್ಮೇಲೆ ಸಂಜೆ ತನಕ ಅಲ್ಲಿ ಯಾರಿಗೂ ಕೆಲಸ ಇಲ್ಲ. ಮುಂಬೈ ಮನೆಗಳು ಜಾಗದಲ್ಲಿ ಚಿಕ್ಕವು ಅಂತೀವಿ, ಆದ್ರೆ ಗಂಟೆ ಲೆಕ್ಕದಲ್ಲಿ ನೋಡಿದ್ರೆ ಇಡೀ ಹಗಲು ಒಂದು ರೂಮು ಖಾಲಿ ಬಿದ್ದಿರುತ್ತೆ. ನಂಗೆ ಬೇಕಾಗಿದ್ದು ಅದೇ ಖಾಲಿ.

ಬೆಡ್‌ರೂಮ್‌ನ ಉತ್ತರದ ಗೋಡೆಗೆ ಗೋದ್ರೆಜ್ ಕಪಾಟು ಇತ್ತು, ಅದನ್ನ ಒಂದೂವರೆ ಅಡಿ ಬಾಗಿಲ ಕಡೆ ಸರಿಸಿದ್ರೆ ಕಪಾಟಿಗೂ ಪಶ್ಚಿಮದ ಕಿಟಕಿಗೂ ಮಧ್ಯೆ 43 ಇಂಚು ಸಿಗುತ್ತೆ. ಆದ್ರೂ ಕಾರ್ಪೆಂಟರ್‌ನ ಕರೆಯೋಕೆ ಮುಂಚೆ ಒಂದು ಕೆಲಸ ಮಾಡಿದ್ವಿ, ಇದನ್ನ ಎಲ್ಲರಿಗೂ ಹೇಳ್ತೀನಿ ನಾನು: ಮನೇಲಿದ್ದ ಹಳೇ 'ಕರ್ನಾಟಕ ಮಲ್ಲ' ಪೇಪರ್‌ಗಳನ್ನ ಟೇಬಲ್ ಬರೋ ಅಳತೆಗೆ ಸರಿಯಾಗಿ ನೆಲದ ಮೇಲೆ ಹಾಸಿ ಟೇಪ್ ಅಂಟಿಸಿ, ಅದರ ಮುಂದೆ ಒಂದು ಕುರ್ಚಿ ಇಟ್ಟು, ಸ್ವಲ್ಪ ದಿನ ಹಾಗೇ ಬಿಟ್ವಿ. ಎಲ್ಲಿ ಪೇಪರ್ ತುಳಿತ ಬಿದ್ದು ಹರಿಯುತ್ತೋ ಅಲ್ಲಿ ಟೇಬಲ್ ಇಟ್ರೆ ದಿನಾ ಮಂಡಿ ತಾಗುತ್ತೆ ಅಂತ ಅರ್ಥ. ನಮ್ಮಲ್ಲಿ ಮುಂದಿನ ಅಂಚು ಹರೀತು, ಮಂಚದಿಂದ ಎದ್ದು ಹೋಗೋ ದಾರಿ ಅದು. ಹಾಗಾಗಿ ಆಳ 24 ಇಂಚು ಅಂದ್ಕೊಂಡಿದ್ದನ್ನ 20ಕ್ಕೆ ಇಳಿಸಿದ್ವಿ, ಉದ್ದ 42. ನಾಲ್ಕು ಇಂಚು ಕಮ್ಮಿ ಮಾಡಿದ್ದಕ್ಕೆ ಇವತ್ತಿಗೂ ಯಾರೂ ಟೇಬಲ್‌ಗೆ ಡಿಕ್ಕಿ ಹೊಡೆದಿಲ್ಲ.

ಕಾರ್ಪೆಂಟರ್ ಬಂದವ್ರು ಗೋರಖ್‌ಪುರ್ ಕಡೆಯವ್ರು, ಕೈ ಬಹಳ ಒಳ್ಳೇದು. ಅವ್ರೂ ಮೊದಲು ಫೋಲ್ಡಿಂಗ್ ಅಂತಲೇ ಶುರು ಮಾಡಿದ್ರು. ನಾನು ಬೇಡ, ಗೋಡೆಗೇ ಪಕ್ಕಾ ಕೂರಿಸಿ ಅಂದೆ. ಆಮೇಲೆ ಎತ್ತರದ ಮಾತು. ಟೇಬಲ್ ಅಂದ್ರೆ 30 ಇಂಚು ಅಂತ ಅವ್ರ ಕೈಗೆ ಕೂತ್ಬಿಟ್ಟಿದೆ, ಆದ್ರೆ ನನ್ನ ಹೈಟು ಐದಡಿ. ಕುರ್ಚಿ ಮೇಲೆ ಕೂತು, ಪಾದ ನೆಲಕ್ಕೆ ಪೂರ್ತಿ ಊರಿ, ಭುಜ ಸಡಿಲ ಬಿಟ್ಟು ಮೊಣಕೈ ಮಡಚಿದಾಗ ಕೈ ಎಲ್ಲಿಗೆ ಬರುತ್ತೋ ಕೀಬೋರ್ಡ್ ಅಲ್ಲಿರ್ಬೇಕು. 30 ಇಂಚಿನ ಟೇಬಲ್‌ನಲ್ಲಿ ಕೂತ್ರೆ ನಾನು ಭುಜ ಎತ್ಕೊಂಡೇ ಟೈಪ್ ಮಾಡ್ಬೇಕಾಗುತ್ತೆ, ಸಂಜೆಗೆ ಕುತ್ತಿಗೆ ಹಿಡ್ಕೊಳ್ಳುತ್ತೆ. 27ಕ್ಕೆ ಕೂರಿಸ್ಕೊಂಡೆ, ಕುರ್ಚಿ ಒಂಚೂರು ಏರಿಸಿ ಕಾಲ ಕೆಳಗೆ ಒಂದು ಮಣೆ. ರೆಡಿಮೇಡ್ ಟೇಬಲ್ ಬದಲು ಮಾಡಿಸಿದ್ದಕ್ಕೆ ದೊಡ್ಡ ಲಾಭ ಇದೇ. ಉಲ್ಲಾಸ್‌ನಗರ ಫರ್ನಿಚರ್ ಮಾರ್ಕೆಟ್ ಇಲ್ಲೇ ಹತ್ರ, ಅಲ್ಲಿ ಚೆಂದ ಚೆಂದದ್ದು ಸಿಗುತ್ತೆ, ಆದ್ರೆ ನಿಮ್ಮ ಮೊಣಕೈ ಎತ್ತರಕ್ಕೆ ಅಂತ ಯಾರೂ ಮಾಡಿಟ್ಟಿರಲ್ಲ.

ಪ್ಲೈವುಡ್ 18 ಎಂಎಂ, ಐಎಸ್ 710 ಮಾರ್ಕ್ ಇರೋದು, ಅಂದ್ರೆ ನೀರು ಚೆನ್ನಾಗಿ ತಡೆಯೋ ಮರೀನ್ ಗ್ರೇಡ್. ಬೆಡ್‌ರೂಮಿಗೆ ಅಷ್ಟೆಲ್ಲ ಬೇಡ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಐಎಸ್ 303 ಬಿಡಬ್ಲ್ಯುಆರ್ ಸಾಕು ಅಂತ ಅಂಗಡಿಯವ್ರು ಹೇಳಿದ್ರು, ಮಾಮೂಲಿ ಜಾಗಕ್ಕೆ ಸಾಕು ನಿಜ. ಆದ್ರೆ ನನ್ನ ಟೇಬಲ್‌ನ ಎಡ ತುದಿ ಬರೋದು ಪಶ್ಚಿಮದ ಹೊರಗೋಡೆ ಪಕ್ಕಾನೇ. ಮುಂಬೈ ಕಡೆ ಮಳೆ ಬರೋದು ನೈಋತ್ಯದ ಗಾಳಿ ಜೊತೆ, ಹೊಡೆತ ತಿನ್ನೋದು ದಕ್ಷಿಣ, ಪಶ್ಚಿಮದ ಗೋಡೆಗಳೇ, ಹಳೇ ಬಿಲ್ಡಿಂಗ್‌ಗಳಲ್ಲಿ ಜುಲೈ ಹೊತ್ತಿಗೆ ಆ ಗೋಡೆಗಳು ಒಳಗಿಂದಲೂ ತಣ್ಣಗೆ ಒದ್ದೆ ಒದ್ದೆ ಅನ್ಸುತ್ತೆ. ಅದಕ್ಕೇ ಅಲ್ಲಿದ್ದ 43 ಇಂಚಲ್ಲಿ ಟೇಬಲ್ 42 ಇಂಚಷ್ಟೇ ಮಾಡ್ಸಿದ್ದು, ಒಂದು ಇಂಚು ಗಾಳಿಗೆ ಬಿಟ್ಟಿದ್ದು. ಭಾರ ಎಲ್ಲ ಉತ್ತರದ ಒಳಗೋಡೆಯ ಬ್ರಾಕೆಟ್ ಮೇಲೆ, ಹೊರಗೋಡೆಗೆ ಒಂದು ಸ್ಕ್ರೂ ಕೂಡ ಇಲ್ಲ. ಆ ಸಂದಿಯಲ್ಲೇ ವೈರ್‌ಗಳೂ ಕೆಳಗೆ ಇಳಿಯುತ್ತೆ, ಟೇಬಲ್‌ಗೆ ತೂತು ಕೊರೆಯೋದೂ ಬೇಕಾಗ್ಲಿಲ್ಲ. ಕತ್ತರಿಸಿದ ಅಂಚಿಗೆಲ್ಲ ಬೀಡಿಂಗ್, ಕೆಳಗಿನ ಮೈಗೂ ಲ್ಯಾಮಿನೇಟ್, ಇಲ್ಲಾಂದ್ರೆ ಒಂದೇ ಕಡೆಯಿಂದ ತೇವ ಕುಡಿದು ಹಲಗೆ ಬಗ್ಗುತ್ತೆ. ಮೇಲೆ ಹಾಕಿಸಿದ ಸನ್‌ಮೈಕಾ ಮ್ಯಾಟ್ ಫಿನಿಶ್, ಗ್ಲಾಸಿ ಹಾಕಿದ್ರೆ ಕಿಟಕಿ ಬೆಳಕು ಟೇಬಲ್ ಮೇಲಿಂದ ಕಣ್ಣಿಗೆ ಹೊಡೆಯುತ್ತೆ.

ಕೂರೋದು ಉತ್ತರಕ್ಕೆ ಮುಖ ಮಾಡಿ, ಕಿಟಕಿ ಎಡಗಡೆ. ವಾಸ್ತು ನೋಡಿ ಮಾಡಿದ್ದಲ್ಲ, ನಾನು ಬಲಗೈಯಲ್ಲಿ ಬರಿತೀನಿ, ಬೆಳಕು ಎಡದಿಂದ ಬಂದ್ರೆ ವೋಚರ್ ಮೇಲೆ ಕೈ ನೆರಳು ಬೀಳಲ್ಲ, ಸ್ಕ್ರೀನ್‌ಗೆ ಕಿಟಕಿ ಎದುರೂ ಅಲ್ಲ ಹಿಂದೂ ಅಲ್ಲ, ಹಾಗಾಗಿ ಪ್ರತಿಬಿಂಬದ ಕಾಟ ಇಲ್ಲ. ಅತ್ತೆಗೆ ಮಾತ್ರ ಬಹಳ ಸಮಾಧಾನ ಆಯ್ತು, ಉತ್ತರ ಕುಬೇರನ ದಿಕ್ಕು, ಲೆಕ್ಕದ ಕೆಲಸಕ್ಕೆ ಇನ್ನೇನು ಬೇಕು ಅಂದ್ರು, ತಾವೇ ಅರಿಶಿನ ಕುಂಕುಮ ಇಟ್ಟು ಪೂಜೆನೂ ಮಾಡಿದ್ರು. ಮನೇಲಿ ಹಿರಿಯರು ಒಂದ್ಸಲ ಇದು ಇವಳ ಜಾಗ ಅಂತ ಒಪ್ಪಿದ್ರೆ ಅದರ ಬಲನೇ ಬೇರೆ, ಆಮೇಲೆ ಆ ಟೇಬಲ್ ಮೇಲೆ ಯಾರೂ ಇಸ್ತ್ರಿ ಬಟ್ಟೆ ತಂದು ಇಡ್ಲಿಲ್ಲ.

ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಬಿಸಿಲು ನೇರ ಒಳಗೆ ಬರುತ್ತೆ. ಅದಕ್ಕೆ ಹಳೇ ಕಾಟನ್ ಸೀರೆಯನ್ನ ಎರಡು ಪದರ ಮಾಡಿ ಪರದೆ ಹೊಲಿಸಿದೀನಿ, ಬೆಳಕು ಸೋಸಿ ಬರುತ್ತೆ, ಗಾಳಿನೂ ನಿಲ್ಲಲ್ಲ. ರಾತ್ರಿಗೆ ಎರಡು ಬೆಳಕು. ಲೆಕ್ಕ ನೋಡೋವಾಗ 4000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಅದು) ಎಲ್‌ಇಡಿ ಟೇಬಲ್ ಲ್ಯಾಂಪು, ಅದು ಪೂರ್ತಿ ಹಳದಿನೂ ಅಲ್ಲ, 6500ರ ಟ್ಯೂಬ್‌ಲೈಟ್ ಹಾಗೆ ನೀಲಿ ಬಿಳಿಯೂ ಅಲ್ಲ, ಕಾಗದದ ಮೇಲಿನ ಮಾಸಿದ ಅಂಕಿಗಳು ಚೆನ್ನಾಗಿ ಕಾಣ್ಸುತ್ತೆ. ಇನ್ನೊಂದು 3000ದ ಸಣ್ಣ ಬಲ್ಬು ಶೆಲ್ಫ್ ಕೆಳಗೆ, ಮಗ ಪಕ್ಕದ ಮಂಚದಲ್ಲಿ ಮಲಗಿದ್ಮೇಲೆ ಅದೊಂದೇ ಹಾಕ್ಕೊಂಡು ಕೂರ್ತೀನಿ. ಮುಂಬೈನ ಎಲೆಕ್ಟ್ರಿಕಲ್ ಮಾರ್ಕೆಟ್ ಲೋಹಾರ್ ಚಾಳ್‌ಗೆ ಹೋದ್ರೆ ಈ ಲೈಟು, ಪಟ್ಟಿ, ಕ್ಲಿಪ್ಪು ಎಲ್ಲ ಒಂದೇ ಗಲ್ಲಿಯಲ್ಲಿ ಸಿಗುತ್ತೆ, ಡಬ್ಬಿ ಮೇಲೆ ಕೆಲ್ವಿನ್ ಬರೆದಿರ್ತಾರೆ, ಓದಿ ತಗೊಳ್ಳಿ.

ನನ್ನ ಕೆಲಸಕ್ಕೆ ಎರಡು ಶೀಟು ಅಕ್ಕಪಕ್ಕ ಕಾಣಲೇಬೇಕು. ಹೋಟೆಲ್‌ಗಳಿಗೆ 5 ಪರ್ಸೆಂಟ್ ಜಿಎಸ್‌ಟಿ, ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದ್ರೆ ಸಾಮಾನು ಕೊಳ್ಳುವಾಗ ಕಟ್ಟಿದ ಟ್ಯಾಕ್ಸ್‌ನ ಇದ್ರಲ್ಲಿ ಕಳೆಯೋ ಹಾಗಿಲ್ಲ, ಅದು ಸರಳ. ಆದ್ರೆ 2022 ಜನವರಿಯಿಂದ ಡೆಲಿವರಿ ಆ್ಯಪ್ ಮೂಲಕ ಹೋದ ಊಟದ ಟ್ಯಾಕ್ಸ್‌ನ ಆ್ಯಪ್‌ನವರೇ ಕಟ್ಟೋದು, ಹಾಗಾಗಿ ಕೌಂಟರ್ ಬಿಲ್ ಬೇರೆ, ಆ್ಯಪ್ ಸ್ಟೇಟ್‌ಮೆಂಟ್ ಬೇರೆ ಮಾಡಿ ತಾಳೆ ನೋಡ್ಬೇಕು. ಲ್ಯಾಪ್‌ಟಾಪ್ ಒಂದರಲ್ಲೇ ಮಾಡಿದ್ರೆ ಕಣ್ಣು ಹೋಗುತ್ತೆ. 24 ಇಂಚಿನ ಮಾನಿಟರ್ ತಗೊಂಡು ಸ್ಟ್ಯಾಂಡ್ ಮೇಲೆ ಇಡದೆ ಗೋಡೆಗೇ ಬ್ರಾಕೆಟ್ ಹಾಕಿ ತೂಗಿಸಿದ್ವಿ, ಮಾನಿಟರ್ ಹಿಂದೆ 100 ಎಂಎಂ ಚೌಕದಲ್ಲಿ ನಾಲ್ಕು ತೂತು ಇದ್ರೆ ಯಾವ ಬ್ರಾಕೆಟ್ ಆದ್ರೂ ಕೂರುತ್ತೆ. ಸ್ಕ್ರೀನಿನ ಮೇಲಂಚು ಕಣ್ಣಿನ ನೇರಕ್ಕೆ, ದೂರ ಒಂದು ಕೈ ಅಳತೆ. 20 ಇಂಚಿನ ಆಳದ ಟೇಬಲ್ ಸಾಕಾಗಿರೋದು ಇದ್ರಿಂದಲೇ, ಮಾನಿಟರ್ ಕೆಳಗಿನ ಜಾಗ ಪೂರ್ತಿ ಬಿಲ್ ಬುಕ್‌ಗಳಿಗೆ.

ಕರೆಂಟ್ ವಿಷ್ಯ ಬೇಗ ಹೇಳ್ತೀನಿ. ಲ್ಯಾಪ್‌ಟಾಪ್ 65 ವ್ಯಾಟ್, ಮಾನಿಟರ್, ರೌಟರ್, ಲೈಟ್ ಎಲ್ಲ ಸೇರಿದ್ರೂ ಸುಮಾರು 110, ಹಾಗಾಗಿ ಬೆಡ್‌ರೂಮಿನ ಮಾಮೂಲಿ ಪಾಯಿಂಟ್ ಸಾಕು, ಅರ್ಥಿಂಗ್ ಇದೆಯಾ ಅಂತ ಮಾತ್ರ ಎಲೆಕ್ಟ್ರಿಶಿಯನ್ ಹತ್ರ ಚೆಕ್ ಮಾಡಿಸಿ, ಇವಕ್ಕೆಲ್ಲ ಹಾಕಿರೋ ಎಕ್ಸ್‌ಟೆನ್ಶನ್ ಬೋರ್ಡಿಗೆ ಇಸ್ತ್ರಿ ಪೆಟ್ಟಿಗೆ ಹಾಕ್ಬೇಡಿ. ರೌಟರ್‌ಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಒಂದು ಬೇಕೇ ಬೇಕು. ತಿಂಗಳಿಗೊಮ್ಮೆ ಫೈಲ್ ಮಾಡೋ ಕ್ಲೈಂಟ್‌ಗಳಿಗೆ 11ನೇ ತಾರೀಕಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ಟ್ಯಾಕ್ಸ್ ಕಟ್ಟೋ 3ಬಿ ರಿಟರ್ನ್ ಕೊನೇ ದಿನ, ಆ ಸಂಜೆ ಕರೆಂಟ್ ಹೋದ್ರೂ ನೆಟ್ ನಿಲ್ಲಬಾರದು.

ಮಳೆಗಾಲದ್ದು ಮಾತ್ರ ಬೇರೆನೇ ಲೆಕ್ಕ. ಮುಂಬೈಗೆ ಮುಂಗಾರು ಬರೋ ವಾಡಿಕೆ ತಾರೀಕು ಜೂನ್ 11, ಅಷ್ಟರೊಳಗೆ ನಾನು ಕಾಗದಗಳನ್ನೆಲ್ಲ ಕಪಾಟಿನ ತೆರೆದ ಶೆಲ್ಫ್‌ನಿಂದ ಮುಚ್ಚಳ ಗಟ್ಟಿ ಕೂರೋ ಪ್ಲಾಸ್ಟಿಕ್ ಡಬ್ಬಗಳಿಗೆ ಹಾಕ್ಬಿಡ್ತೀನಿ. ಥರ್ಮಲ್ ಪೇಪರ್ ಬಿಲ್‌ಗಳನ್ನ ಬಂದ ದಿನವೇ ಸ್ಕ್ಯಾನ್, ಅವು ಬಿಸಿಗೂ ಬೆಳಕಿಗೂ ತಾವಾಗೇ ಅಳಿಸಿ ಹೋಗುತ್ತೆ. ಡಬ್ಬದೊಳಗೆ ಸಿಲಿಕಾ ಜೆಲ್ ಚೀಲ. ನೀಲಿ ಹರಳಿನದ್ದು ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತೆ, ಮನೇಲಿ ಮಕ್ಕಳಿರೋ ಕಡೆ ಕಿತ್ತಳೆ ಬಣ್ಣದ್ದೇ ತನ್ನಿ, ತೇವ ಹೀರಿ ಹೀರಿ ಅದು ಹಸಿರಿಗೆ ತಿರುಗುತ್ತೆ, ಆಗ ಬದಲಾಯಿಸೋದು. ಲೆದರ್ ಹೊದಿಕೆ ಕುರ್ಚಿನೂ ತಗೋಬೇಡಿ ಈ ಊರಲ್ಲಿ, ಬೂಷ್ಟು ಹಿಡಿಯುತ್ತೆ, ಬಲೆ ಬೆನ್ನಿನದ್ದೇ ಸರಿ. ಕೈ ಆಸರೆ ಇಲ್ಲದ್ದಾದ್ರೆ ಟೇಬಲ್ ಕೆಳಗೆ ಪೂರ್ತಿ ಒಳಗೆ ಹೋಗುತ್ತೆ, ರಾತ್ರಿ ಓಡಾಡೋಕೆ ಅಡ್ಡ ಇರಲ್ಲ.

ಗಲಾಟೆ ಬಗ್ಗೆ ಕೇಳ್ತಾರೆ. ಹೊರಗಿನದ್ದು ನಮ್ಮ ಕೈಲಿಲ್ಲ, ಗಣಪತಿ ಹತ್ತು ದಿನ ಢೋಲ್ ತಾಶಾ ಇರುತ್ತೆ, ಅದು ಇರ್ಲಿ, ಅದಿಲ್ದೆ ಡೊಂಬಿವಲಿ ಹೇಗಾಗುತ್ತೆ. ಒಳಗಿನದ್ದಕ್ಕೆ ಮಾತಾಡಿಕೊಂಡ್ವಿ. ಮಧ್ಯಾಹ್ನ ಅತ್ತೆ ಕನ್ನಡ ಸೀರಿಯಲ್ ರಿಪೀಟ್ ನೋಡ್ತಾರೆ, ಅವರ ಹಗಲಿನ ಸಂತೋಷ ಅದು, ಅದನ್ನ ಕಸಿಯೋಕೆ ನನ್ಗೆ ಹಕ್ಕಿಲ್ಲ. ಹಾಗಾಗಿ ಕ್ಲೈಂಟ್ ಕಾಲ್‌ಗಳನ್ನೇ 11ರಿಂದ 1ರೊಳಗೆ ಮುಗಿಸ್ತೀನಿ, ಹೋಟೆಲ್‌ನವರಿಗೂ ಊಟದ ರಶ್ ಶುರು ಆಗೋ ಮುಂಚೆ ಅದೇ ಪುರುಸೊತ್ತು.

ಕೊನೆಗೆ ಗೋಡೆ. ಮಾನಿಟರ್ ಪಕ್ಕ ಎರಡಡಿ ಸಾಫ್ಟ್‌ಬೋರ್ಡ್ ಹಾಕಿಸಿ, ಅತ್ತೆ ಗುಳೇದಗುಡ್ಡದಿಂದ ತಂದಿಟ್ಟಿದ್ದ ಖಣವನ್ನ, ಅಂದ್ರೆ ರವಿಕೆ ಬಟ್ಟೆಯನ್ನ ಅದಕ್ಕೆ ಬಿಗಿಯಾಗಿ ಹೊದಿಸಿದೆ, ಕಡು ಕೆಂಪು ಮೈ, ಅದರ ಮೇಲೆ ಒತ್ತೊತ್ತಾಗಿ ಸಣ್ಣ ಹೂವಿನ ನೇಯ್ಗೆ, ಅಂಚು ಹಸಿರು. ರಿಟರ್ನ್ ತಾರೀಕುಗಳು, ಕ್ಲೈಂಟ್ ಲಿಸ್ಟು, ಮಗನ ಸ್ಕೂಲ್ ಟೈಮ್‌ಟೇಬಲ್ ಎಲ್ಲ ಅದಕ್ಕೇ ಚುಚ್ಚಿರೋದು. ಗುಂಡುಸೂಜಿ ತೆಗೆದ್ರೂ ಆ ನೇಯ್ಗೇಲಿ ತೂತು ಕಾಣಲ್ಲ. ವಿಡಿಯೋ ಕಾಲ್‌ನಲ್ಲಿ ಲ್ಯಾಪ್‌ಟಾಪ್ ತಿರುಗಿಸಿ ಈ ಗೋಡೆಗೆ ಬೆನ್ನು ಮಾಡಿ ಕೂತ್ರೆ ಹಿಂದೆ ಮಂಚ ಕಾಣದೆ ಇದೇ ಕಾಣುತ್ತೆ, ಬೀಜಾಪುರ ಕಡೆಯ ಒಬ್ಬ ಕೇಟರಿಂಗ್‌ನವರು ನೋಡಿದ ತಕ್ಷಣ ಇದು ನಮ್ಮ ಖಣ ಅಲ್ವಾ ಅಂತ ಕೇಳಿದ್ರು.

ಪ್ರಿಂಟರ್‌ಗೆ ಮಾತ್ರ ಇಲ್ಲಿ ಜಾಗ ಕೊಟ್ಟಿಲ್ಲ, ಹಾಲ್‌ನಲ್ಲಿ ಟಿವಿ ಕೆಳಗಿದೆ, ವೈಫೈ ಮೇಲೆ ನಡೆಯುತ್ತೆ, ದಿನಕ್ಕೆ ಒಂದೆರಡು ಸಲ ಎದ್ದು ಹೋಗಿ ತಗೊಂಡ್ರೆ ಕಾಲಿಗೂ ಒಳ್ಳೇದು. ಮಾನಿಟರ್, ಕುರ್ಚಿ ಬಿಟ್ಟು ಮರ, ಲ್ಯಾಮಿನೇಟ್, ಬ್ರಾಕೆಟ್, ಮಜೂರಿ, ಲೈಟು ಎಲ್ಲ ಸೇರಿ 15 ಸಾವಿರದೊಳಗೆ ಮುಗೀತು. ಮಾಡಿಸೋದಾದ್ರೆ ಏಪ್ರಿಲ್, ಮೇನಲ್ಲೇ ಮಾಡಿಸಿ, ಮಳೆ ಶುರುವಾದ್ಮೇಲೆ ಫೆವಿಕಾಲ್ ಬೇಗ ಒಣಗಲ್ಲ, ಕಾರ್ಪೆಂಟರ್‌ಗಳೂ ಊರಿಗೆ ಹೋಗಿರ್ತಾರೆ.