ಸೀಟು ಸರಿಯಾದ ಮೇಲೆ ಹರಿಹರ ಹತ್ತಿರವಾಯಿತು

ದಾವಣಗೆರೆಯಿಂದ ಹರಿಹರಕ್ಕೆ ಹಳೆಯ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ವಾರಕ್ಕೆ ಮೂರು ಬೆಳಿಗ್ಗೆ ತುಂಗಭದ್ರೆಯವರೆಗೆ ಹೋಗಿ ಬರಬೇಕೆಂದು ಗೇರ್ ಸೈಕಲ್ ಕೊಂಡೆನಾದರೂ, ಎರಡನೆಯ ವಾರಕ್ಕೇ ಮೊಣಕಾಲ ಚಿಪ್ಪಿನ ಸುತ್ತ ನೋವು ಶುರುವಾಗಿ, ಮನೆಯ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವಂತಾಯಿತು. ಐವತ್ತು ದಾಟಿದವನಿಗೆ ಇದು ಸವೆತವೆಂದೇ ಎಲ್ಲರೂ ಹೇಳಿದರು. ಕಾರಣವಿದ್ದದ್ದು ಸೀಟಿನಲ್ಲಿ.

ಅಂಗಡಿಯಲ್ಲಿ, ಕುಳಿತಲ್ಲಿಂದಲೇ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುವಂತೆ ಸೀಟು ಇಳಿಸಿಕೊಟ್ಟಿದ್ದರು. ನನಗೂ ಅದರಿಂದ ಧೈರ್ಯವೆನಿಸಿತ್ತು. ಆದರೆ ಸೀಟು ಅಷ್ಟು ತಗ್ಗಿದ್ದರೆ ಪೆಡಲ್ ತೀರ ಕೆಳಗೆ ಬಂದಾಗಲೂ ಕಾಲು ಚಾಚುವುದಿಲ್ಲ, ಮೇಲೆ ಬಂದಾಗಲಂತೂ ಮೊಣಕಾಲು ಅತಿಯಾಗಿ ಮಡಚಿಕೊಂಡು ಪ್ರತಿ ತುಳಿತದ ಭಾರವೂ ಚಿಪ್ಪಿನ ಮೇಲೆ ಬೀಳುತ್ತದೆ.

ಅಳತೆಯನ್ನು ಮನೆಯಲ್ಲೇ ತೆಗೆದುಕೊಂಡೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ಕಾಲುಗಳ ನಡುವೆ ಬಿಗಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆದಾಗ 80 ಸೆಂಟಿಮೀಟರ್ ಬಂದಿತು. 1986ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರ ಹೆಸರಿನಲ್ಲಿ ಪ್ರಚಲಿತವಾಗಿರುವ ಲೆಕ್ಕದಂತೆ ಇದನ್ನು 0.883ರಿಂದ ಗುಣಿಸಿದರೆ 70.6, ಕ್ರ್ಯಾಂಕಿನ, ಅಂದರೆ ಪೆಡಲ್ ತೋಳುಗಳು ತಿರುಗುವ ಅಚ್ಚಿನ, ನಡುಬಿಂದುವಿನಿಂದ ಸೀಟಿನ ಮೇಲ್ಮೈವರೆಗಿನ ಅಂತರ ಅಷ್ಟಿರಬೇಕು. ನನ್ನದು 65 ಇತ್ತು. ಒಮ್ಮೆಲೇ ಏರಿಸದೆ, ದಿನ ಬಿಟ್ಟು ದಿನ ಒಂದೊಂದು ಸೆಂಟಿಮೀಟರಿನಂತೆ ಏರಿಸಿದೆ. ಪೂರ್ತಿ ಏರಿಸಿದ ದಿನ ಹಿಂದೆ ಬರುತ್ತಿದ್ದ ಮಗ, "ಅಪ್ಪಾಜಿ, ನಿಮ್ ಸೊಂಟ ಆ ಕಡೆ ಈ ಕಡೆ ಹೊಯ್ದಾಡ್ತಿದೆ" ಎಂದ. ಪೆಡಲಿಗೆ ಕಾಲು ಎಟುಕದಿದ್ದಾಗ ಸೊಂಟ ಹಾಗೆ ಜಗ್ಗುತ್ತದೆ. ಆರು ಮಿಲಿಮೀಟರ್ ಇಳಿಸಿ 70ಕ್ಕೆ ನಿಲ್ಲಿಸಿದೆ. ಸೂತ್ರವು ಸೀಟನ್ನು ಸರಿಸುಮಾರು ಜಾಗಕ್ಕೆ ತಂದು ನಿಲ್ಲಿಸುತ್ತದೆ, ಉಳಿದದ್ದನ್ನು ದೇಹವೇ ಹೇಳಬೇಕು: ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ ಕೆಳಗಿನ ತುದಿಯಲ್ಲಿ ಕಾಲು ನೇರವಾಗಬೇಕು, ಪಾದದ ಮುಂಭಾಗವನ್ನಿಟ್ಟು ತುಳಿಯುವಾಗ ಮೊಣಕಾಲು 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು. ಆದರೆ ಸೀಟ್ ಪೋಸ್ಟಿನ, ಅಂದರೆ ಸೀಟನ್ನು ಹೊತ್ತಿರುವ ಕೊಳವೆಯ, ಮೇಲೆ ಗೀರಿರುವ ಗರಿಷ್ಠ ಮಿತಿಯ ಗುರುತು ಹೊರಗೆ ಕಾಣುವಷ್ಟು ಯಾರೂ ಏರಿಸಕೂಡದು. ಸಿಗ್ನಲ್ ಬಂದರೆ ಸೀಟಿನಿಂದ ಮುಂದಕ್ಕೆ ಜಾರಿ ಕಾಲೂರುವುದು ಎರಡೇ ದಿನದಲ್ಲಿ ರೂಢಿಯಾಯಿತು.

ಮೂರು ವಾರದಲ್ಲಿ ಮೊಣಕಾಲ ನೋವು ಹೋಯಿತು, ಆದರೆ ಕಿರುಬೆರಳು, ಉಂಗುರ ಬೆರಳುಗಳು ಜೋಮು ಹಿಡಿಯತೊಡಗಿದವು. ಸೀಟು ಏರಿದಂತೆ ಹ್ಯಾಂಡಲ್ ತಾನಾಗಿಯೇ ತಗ್ಗಿತ್ತು; ಮೇಲಾಗಿ ಸೀಟಿನ ಮೂತಿಯನ್ನು ಕೆಳಗೆ ಬಾಗಿಸಿಕೊಂಡಿದ್ದರಿಂದ ಮೈ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗೆ ಬರುತ್ತಿತ್ತು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯ ಗಾರೆಯವರಿಂದ ರಸಮಟ್ಟ ಕೇಳಿ ತಂದು, ಸೀಟಿನ ಮೇಲೆ ಉದ್ದಕ್ಕಿಟ್ಟು, ಗುಳ್ಳೆ ನಡುವಿನ ಗೆರೆಗಳೊಳಗೆ ಬಂದು ನಿಲ್ಲುವವರೆಗೆ ಬೋಲ್ಟ್ ಸಡಿಲಿಸಿ ಬಿಗಿದೆ. ಹ್ಯಾಂಡಲನ್ನು ಸೈಕಲ್ಲಿಗೆ ಹಿಡಿದಿಡುವ ಸ್ಟೆಮ್ ಎಂಬ ಓರೆ ತುಂಡನ್ನು ತಲೆಕೆಳಗಾಗಿ ತಿರುಗಿಸಿ ಹಾಕಿದ್ದರಿಂದ ಹ್ಯಾಂಡಲ್ ಸುಮಾರು ಎರಡು ಸೆಂಟಿಮೀಟರ್ ಮೇಲೆ ಬಂದಿತು.

ಆಷಾಢದಲ್ಲಿ ಹರಿಹರಕ್ಕೆ ಹೋಗುವಾಗ ಪಡುವಣ ಗಾಳಿ ಎದುರಾಗುತ್ತದೆ. ಆಗ ಮೊಣಕೈ ಮಡಚಿ ಎದೆಯನ್ನು ತಗ್ಗಿಸಿದರೂ ಈಗ ಅಂಗೈಗೆ ಹೊರೆಯಾಗುವುದಿಲ್ಲ. ಮಗನೂ ಇದೇ ಸೈಕಲ್ ಒಯ್ಯುವುದರಿಂದ, ಸೀಟ್ ಪೋಸ್ಟಿಗೆ ನನ್ನ ಅಳತೆಯಲ್ಲಿ ಕಪ್ಪು ಇನ್ಸುಲೇಷನ್ ಟೇಪನ್ನೂ ಅವನ ಅಳತೆಯಲ್ಲಿ ಕೆಂಪು ಟೇಪನ್ನೂ ಸುತ್ತಿದ್ದೇನೆ.