ಗೆಳೆತನಕ್ಕೆ ಒರಾಕಲ್ ಕಾರ್ಡ್: ನಾನು ಬಳಸುವ ರೀತಿ

"ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳಾ?" ಈ ಪ್ರಶ್ನೆ ಇಟ್ಟುಕೊಂಡು ಒರಾಕಲ್ ಕಾರ್ಡ್ (ಚಿತ್ರ, ಪದ ಇರುವ, ಭವಿಷ್ಯ ಕೇಳೋಕೆ ಅಂತ ಜನ ಎತ್ತುವ ಕಾರ್ಡು) ಎತ್ತಬೇಡಿ. ಕಾರ್ಡಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿರುವುದು ಅವಳಿಗೆ. ಫೋನ್ ಮಾಡಿ ಕೇಳಬೇಕು, ಅಷ್ಟೇ. ಈ ಗೆಳೆತನದಲ್ಲಿ ನಾನು ಏನು ಮಾಡುತ್ತಿದ್ದೇನೆ, ಏನನ್ನು ಮಾಡದೆ ಬಿಟ್ಟಿದ್ದೇನೆ, ಯಾವುದನ್ನು ಕಂಡರೂ ಕಾಣದ ಹಾಗೆ ಇದ್ದೇನೆ, ಇಂಥದ್ದನ್ನೆಲ್ಲ ಕೂತು ಯೋಚಿಸೋಕೆ ಒರಾಕಲ್ ಕಾರ್ಡ್ ಒಂದು ಒಳ್ಳೆ ನೆಪ. ನಾನು ಭವಿಷ್ಯ ನಂಬುವವಳಲ್ಲ. ಆದರೂ ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಕಟ್ಟು ಇದ್ದೇ ಇರುತ್ತದೆ.

ಭವಿಷ್ಯ ಹೇಳೋಕೆ ಬಳಸುವ ಇನ್ನೊಂದು ಬಗೆಯ ಕಾರ್ಡು ಟ್ಯಾರೋ. ಟ್ಯಾರೋ ಬೇರೆ, ಒರಾಕಲ್ ಬೇರೆ. ಟ್ಯಾರೋ ಕಟ್ಟಿನಲ್ಲಿ 78 ಕಾರ್ಡ್ ಇರುತ್ತವೆ. ಮೇಜರ್ ಅರ್ಕಾನಾ, ಅಂದರೆ ಮುಖ್ಯ ಕಾರ್ಡುಗಳು, 22. ಉಳಿದ 56 ಮೈನರ್ ಅರ್ಕಾನಾ. ಪ್ರತಿಯೊಂದಕ್ಕೂ ಹಿಂದಿನಿಂದ ನಡೆದುಬಂದ ಅರ್ಥ ಇದೆ. ಒರಾಕಲ್‌ಗೆ ಅಂಥ ಕಟ್ಟುಪಾಡಿಲ್ಲ. ಮಾಡಿದವರಿಗೆ ಎಷ್ಟು ಬೇಕೋ ಅಷ್ಟು ಕಾರ್ಡ್, ಯಾವ ಚಿತ್ರ ಇಷ್ಟವೋ ಆ ಚಿತ್ರ. ಹಾಗಾಗಿ ಹೊಸಬರಿಗೆ ಇದೇ ಸಲೀಸು. ಲೆನೋರ್ಮಾಂಡ್ ಅಂತ 36 ಕಾರ್ಡಿನ ಹಳೇ ಕಟ್ಟು ಇನ್ನೊಂದಿದೆ. ಅದರ 18ನೇ ಕಾರ್ಡ್ ನಾಯಿ. ಸ್ನೇಹಿತರನ್ನೂ ನಿಯತ್ತನ್ನೂ ಸೂಚಿಸುವ ಕಾರ್ಡ್ ಅದು. ತಮಾಷೆ ಅಂದರೆ, ಆ ಕಟ್ಟಿನ ಮೂಲ 1800ರ ಆಸುಪಾಸಿನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಬಂದ ಒಂದು ದಾಳದ ಆಟ. ಕಾರ್ಡ್‌ಗಳನ್ನು ಸಾಲಾಗಿ ಜೋಡಿಸಿ, ದಾಳ ಹಾಕಿ ಕಾಯಿ ನಡೆಸುತ್ತಿದ್ದರು. ಫ್ರಾನ್ಸಿನ ಭವಿಷ್ಯಗಾರ್ತಿ ಲೆನೋರ್ಮಾಂಡ್ 1843ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರು ಅದಕ್ಕೆ ಅಂಟಿಕೊಂಡಿತು. ಆಟದ ಸಾಮಾನು ಅಂತಲೇ ಕೈಗೆತ್ತಿಕೊಂಡರೆ ಭಯ ಕಡಿಮೆ, ಅಲ್ವಾ?

ಅಂಗಡಿಯಲ್ಲಿ ಸಿಗುವ ಒರಾಕಲ್ ಕಟ್ಟುಗಳ ಬಗ್ಗೆ ನನ್ನದೊಂದು ತಕರಾರಿದೆ. ಎಲ್ಲಾ ಬರೀ ಸಿಹಿ. ಬೆಳಕು, ಕರುಣೆ, ಸಮೃದ್ಧಿ, ರೆಕ್ಕೆ. ಗೆಳೆತನ ಅಂದರೆ ಅಷ್ಟೇನಾ? ಅವಳಿಗೆ ಪ್ರಮೋಷನ್ ಸಿಕ್ಕಿತು ಅಂತ ಕೇಳಿದಾಗ ಹೊಟ್ಟೆಯಲ್ಲಿ ಸಣ್ಣಗೆ ಉರಿಯುತ್ತದಲ್ಲ, ಅದಕ್ಕೆ ಯಾವ ಕಾರ್ಡು? ಅದಕ್ಕೇ ನಾನು ಗಟ್ಟಿ ಕಾಗದ ಕತ್ತರಿಸಿ, ಕಟ್ಟಿನ ಅಳತೆಗೇ ಒಂದಷ್ಟು ಕಾರ್ಡ್ ಮಾಡಿ ಸೇರಿಸಿಕೊಂಡಿದ್ದೇನೆ. ಹೊಟ್ಟೆಕಿಚ್ಚು. ಸಾಲ. ಚಾಡಿ. ಬೇಜಾರು. ಹಳೇ ಜಗಳ. "ಯಾವಾಗಲೂ ನಾನೇ ಫೋನ್ ಮಾಡೋದು" ಅಂತಲೂ ಒಂದಿದೆ. ಕಾಗದ ತೆಳ್ಳಗಿದ್ದರೆ ಕಲೆಸುವಾಗಲೇ ಬೆರಳಿಗೆ ಗೊತ್ತಾಗಿಬಿಡುತ್ತದೆ, ಹಾಗಾಗಿ ದಪ್ಪದ್ದೇ ಬೇಕು. ಕಟ್ಟು ಕೊಳ್ಳುವ ಮನಸ್ಸಿಲ್ಲದಿದ್ದರೆ ಪೂರ್ತಿ ಕೈಯಲ್ಲೇ ಮಾಡಿಕೊಳ್ಳಿ. ಇಪ್ಪತ್ತು, ಮೂವತ್ತು ಪದ ಸಾಕು. ಚಿತ್ರ ಬರೆಯೋಕೆ ಬರಲ್ಲ ಅಂದರೆ ಹಳೇ ಪತ್ರಿಕೆಯ ಫೋಟೋ ಅಂಟಿಸಿ.

ಕಾರ್ಡು "ಸರಿಯಾಗಿ ಹೇಳಿತು" ಅಂತ ನಮಗೆ ಯಾಕೆ ಅನ್ನಿಸುತ್ತದೆ ಅನ್ನೋದು ಗೊತ್ತಿದ್ದರೆ ಒಳ್ಳೆಯದು. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, "ಇದು ನಿನ್ನ ಸ್ವಭಾವ" ಅಂತ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟ. ಎಷ್ಟು ನಿಜ ಅಂತ ಅಂಕ ಹಾಕಿ ಅಂದ. ಸರಾಸರಿ 5ಕ್ಕೆ 4.26 ಬಂತು. ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ. ಕಾರ್ಡಿನ ಮಾತೂ ಹೀಗೆಯೇ, ಯಾರಿಗೆ ಬೇಕಾದರೂ ಹೊಂದುತ್ತದೆ. ತೀರ್ಪು ಅಂದುಕೊಂಡರೆ ಕೆಡುತ್ತೀರಿ. ಪ್ರಶ್ನೆ ಅಂದುಕೊಂಡರೆ, ಎಲ್ಲರಿಗೂ ಹೊಂದುವ ಆ ಸಡಿಲ ಮಾತಿಗೆ ನಿಮ್ಮ ಜೀವನದಿಂದ ಯಾವ ಸಂಗತಿ ಎದ್ದು ಬಂತು ಅನ್ನೋದೇ ಮುಖ್ಯವಾಗುತ್ತದೆ.

ಅದಕ್ಕೆ ಪ್ರಶ್ನೆಯಲ್ಲಿ "ನಾನು" ಇರಲೇಬೇಕು. "ಅವನು ಬದಲಾಗಿದ್ದಾನಾ?" ಅನ್ನೋ ಬದಲು "ಅವನ ಹತ್ತಿರ ನಾನು ಈಗ ಯಾವ ಮಾತು ಆಡುತ್ತಿಲ್ಲ?" ಅಂತ ಕೇಳಿ. "ಈ ಸ್ನೇಹ ಉಳಿಯುತ್ತಾ?" ಬೇಡ. "ಇದು ಉಳಿಯಲಿ ಅಂತ ನನಗೆ ನಿಜವಾಗಲೂ ಇದೆಯಾ?" ಇದು ಸರಿ. ಒಂದು ಸಲಕ್ಕೆ ಒಬ್ಬರೇ. ಇಡೀ ಗುಂಪಿನ ಬಗ್ಗೆ ಕೇಳಿದರೆ ಉತ್ತರವೂ ಗುಂಪು ಗುಂಪಾಗಿಯೇ ಬರುತ್ತದೆ.

ಪ್ರಶ್ನೆಯನ್ನು ಬರೆದಿಡಿ. ಕಲೆಸಿ, ಒಂದು ಎತ್ತಿ. ಈಗ ಮುಖ್ಯವಾದದ್ದು: ಜೊತೆಗೆ ಬರುವ ಕಿರುಪುಸ್ತಕ ತೆರೆಯಬೇಡಿ. ಮೊದಲು ಚಿತ್ರ ನೋಡಿ. ಒಂದೆರಡು ನಿಮಿಷ, ಸುಮ್ನೆ. ಕಣ್ಣು ಎಲ್ಲಿಗೆ ಹೋಯಿತು, ಯಾರ ನೆನಪಾಯಿತು, ಯಾವುದು ಕಿರಿಕಿರಿ ಅನ್ನಿಸಿತು ಅಂತ ಮೂರು ಸಾಲು ಬರೆಯಿರಿ. ಆಮೇಲೆ ಬೇಕಿದ್ದರೆ ಪುಸ್ತಕ. ತಲೆಕೆಳಗಾಗಿ ಬಂದ ಕಾರ್ಡಿಗೆ ಬೇರೆ ಅರ್ಥ ಅನ್ನೋದನ್ನೆಲ್ಲ ನಾನು ತಲೆಗೆ ಹಾಕಿಕೊಳ್ಳುವುದಿಲ್ಲ. ನೆಟ್ಟಗೆ ಮಾಡಿ ನೋಡುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ಗೆಳತಿಯ ಅಮ್ಮನಿಗೆ ಆಪರೇಷನ್ ಆಗಿತ್ತು. ಅವಳ ಮೆಸೇಜುಗಳೆಲ್ಲ "ಪರವಾಗಿಲ್ಲ", "ಈಗ ಬೆಟರ್" ಅನ್ನುವಷ್ಟಕ್ಕೆ ಬಂದು ನಿಂತಿದ್ದವು. "ನಾನು ಅವಳಿಗೆ ಏನು ಕೇಳಿಲ್ಲ?" ಅಂತ ಬರೆದು ಕಾರ್ಡ್ ಎತ್ತಿದೆ. ಒಂದೇ ಕೊಂಬೆಯ ಮೇಲೆ ಎರಡು ಹಕ್ಕಿ. ಒಂದು ಗೂಡಿನ ಕಡೆ ಮುಖ ಮಾಡಿದೆ, ಇನ್ನೊಂದು ಇತ್ತ ನಮ್ಮ ಕಡೆ. ಕೆಳಗೆ "ವಿಶ್ರಾಂತಿ" ಅಂತ ಇತ್ತು. ನನ್ನ ಕಣ್ಣು ಹೋಗಿದ್ದು ಗೂಡು ನೋಡುತ್ತಿದ್ದ ಹಕ್ಕಿಯ ಬೆನ್ನಿನ ಮೇಲೆ. ಅದರ ಮುಖವೇ ಕಾಣುತ್ತಿರಲಿಲ್ಲ. ಆಗ ಹೊಳೆಯಿತು: ಎಲ್ಲರೂ ಅವಳನ್ನು ಕೇಳುವುದು ಅಮ್ಮನ ವಿಷಯ, ಅವಳ ವಿಷಯ ಯಾರು ಕೇಳುತ್ತಾರೆ? "ಅಮ್ಮ ಹೇಗಿದ್ದಾರೆ ಅಂತ ಇವತ್ತು ಕೇಳಲ್ಲ ಕಣೇ. ನೀನು ಸರಿಯಾಗಿ ನಿದ್ದೆ ಮಾಡ್ತಿದ್ದೀಯಾ?" ಅಂತ ಕಳಿಸಿದೆ. ಉತ್ತರ ಬರಲಿಲ್ಲ, ಫೋನೇ ಬಂತು. ಮೊದಲು ಅತ್ತಳು. ಆಮೇಲೆ ಆಸ್ಪತ್ರೆಯ ಕುರ್ಚಿಗಳನ್ನು ಬಾಯಿತುಂಬ ಬೈದಳು.

ಇದರಲ್ಲಿ ಕಾರ್ಡಿನ ಮಹಿಮೆ ಏನೂ ಇಲ್ಲ. ಹತ್ತು ನಿಮಿಷ ಅವಳೊಬ್ಬಳ ಬಗ್ಗೆಯೇ ಯೋಚಿಸುತ್ತ ಕೂತಿದ್ದೆನಲ್ಲ, ಅದು.

ಒಂದು ಕಾರ್ಡು ಅಭ್ಯಾಸವಾದ ಮೇಲೆ ಮೂರು ಇಟ್ಟು ನೋಡಬಹುದು. ಎಡಕ್ಕೆ, ನಾನು ಈ ಸ್ನೇಹಕ್ಕೆ ಕೊಡುತ್ತಿರುವುದು. ಬಲಕ್ಕೆ, ನನಗೆ ಇದರಿಂದ ಸಿಗುತ್ತಿರುವುದು. ಮಧ್ಯದಲ್ಲಿ, ಇಬ್ಬರೂ ಬಾಯಿಬಿಟ್ಟು ಹೇಳದೇ ಇರುವುದು. ಮಧ್ಯದ್ದನ್ನು ಕೊನೆಗೆ ತೆರೆಯಿರಿ. ಬಲಗಡೆ ಕಾರ್ಡಿಗೆ ಬರೆಯೋಕೆ ಏನೂ ತೋಚುತ್ತಿಲ್ಲ ಅಂದರೆ ಅದೂ ಒಂದು ಮಾಹಿತಿಯೇ. ಹಾಗಂತ ಅವತ್ತೇ ಸ್ನೇಹ ಕಡಿದುಕೊಳ್ಳುವ ತೀರ್ಮಾನಕ್ಕೆ ಬರಬೇಡಿ. ಬೇರೆ ಬೇರೆ ವಾರ ಕೂತಾಗಲೂ ಅದೇ ಖಾಲಿ ಕಂಡರೆ ಆಗ ಯೋಚಿಸಿ.

ಇನ್ನು ನನ್ನ ಒಂದೇ ಒಂದು ಕಟ್ಟುನಿಟ್ಟು. ಕಾರ್ಡ್ ಎತ್ತಿದ ದಿನವೇ, ಮಲಗುವ ಮುಂಚೆ, ಆ ಸ್ನೇಹಕ್ಕಾಗಿ ಏನಾದರೂ ಒಂದು ಚಿಕ್ಕ ಕೆಲಸ ಆಗಬೇಕು. ಒಂದು ಮೆಸೇಜು, ವಾಪಸ್ ಕೊಡಬೇಕಿದ್ದ ಪುಸ್ತಕ ಬ್ಯಾಗಿಗೆ ಹಾಕಿಡುವುದು, ಹುಟ್ಟುಹಬ್ಬದ ರಿಮೈಂಡರ್. ಇಷ್ಟು ದಿನ ಬಿಟ್ಟು ಈಗ ಮಾತಾಡಿಸಿದರೆ ಏನಂದುಕೊಳ್ಳುತ್ತಾರೋ ಅಂತ ಹಿಂಜರಿಕೆ ಆಗುತ್ತದೆ, ನಿಜ. ಇದರ ಮೇಲೆ ಪೆಗಿ ಲಿಯು ಅನ್ನೋ ಸಂಶೋಧಕಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಗಿದೆ. ಹೀಗೆ ತಾನಾಗಿ ಮಾತಾಡಿಸಿದರೆ ಎದುರಿನವರಿಗೆ ಎಷ್ಟು ಖುಷಿ ಆಗುತ್ತದೆ ಅನ್ನೋದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವಂತೆ. ಅನಿರೀಕ್ಷಿತವಾಗಿದ್ದಷ್ಟೂ ಖುಷಿ ಜಾಸ್ತಿ.

ಹೊಸ ಸ್ನೇಹವಾದರೆ ಕಾರ್ಡಿನ ಮುಂದೆ ಜಾಸ್ತಿ ಹೊತ್ತು ಕೂರಬೇಡಿ. ಅಲ್ಲಿ ಬೇಕಾಗಿರುವುದು ಜೊತೆಗಿರುವ ಸಮಯ. ಜೆಫ್ರಿ ಹಾಲ್ ಅನ್ನೋ ಸಂಶೋಧಕರ 2018ರ ಲೆಕ್ಕದಲ್ಲಿ, ಪರಿಚಯ ಸಾಧಾರಣ ಸ್ನೇಹವಾಗೋಕೆ ಸುಮಾರು 50 ಗಂಟೆ, ಆಪ್ತ ಸ್ನೇಹವಾಗೋಕೆ 200 ಗಂಟೆಗೂ ಮೇಲೆ ಜೊತೆಯಲ್ಲಿ ಕಳೆಯಬೇಕಾಗುತ್ತದೆ.

ಕೋಪದಲ್ಲಿದ್ದಾಗ ಎತ್ತಬೇಡಿ. ಇಷ್ಟವಾಗದ ಕಾರ್ಡು ಬಂತು ಅಂತ ಮತ್ತೆ ಮತ್ತೆ ಎತ್ತಬೇಡಿ. ಯಾರಾದರೂ ನಿಮ್ಮನ್ನು ಹೀಯಾಳಿಸುತ್ತಿದ್ದರೆ, ಹೆದರಿಸುತ್ತಿದ್ದರೆ ಅಲ್ಲಿಗೆ ಕಾರ್ಡು ತರಲೇಬೇಡಿ. ದೂರ ಸರಿಯಿರಿ, ನಂಬುವವರ ಹತ್ತಿರ ಹೇಳಿಕೊಳ್ಳಿ.

"ಹೊಟ್ಟೆಕಿಚ್ಚು" ಕಾರ್ಡು ಬಂದರೆ ಏನು ಮಾಡೋದು ಅಂತ ನನ್ನನ್ನು ಜಾಸ್ತಿ ಜನ ಕೇಳುತ್ತಾರೆ. ಅದನ್ನು ಗೆಳತಿಗೆ ಒಪ್ಪಿಸಬೇಕಾಗಿಲ್ಲ. ಅವಳ ಹತ್ತಿರ ಇರುವುದರಲ್ಲಿ ನನಗೆ ಯಾವುದು ಬೇಕಾಗಿತ್ತು ಅಂತ ಬರೆಯುತ್ತೇನೆ. ಸಂಬಳಾನಾ, ಧೈರ್ಯಾನಾ, ಬಿಡುವಿನ ಸಮಯಾನಾ? ಸಾಮಾನ್ಯವಾಗಿ ಅವಳು ಪಕ್ಕಕ್ಕೆ ಸರಿದು ನನ್ನದೇ ಒಂದು ಆಸೆ ಕಾಗದದ ಮೇಲೆ ಉಳಿಯುತ್ತದೆ. ಅವತ್ತಿನ ಚಿಕ್ಕ ಕೆಲಸ ಅಂತ ಅವಳಿಗೊಂದು ಅಭಿನಂದನೆ ಕಳಿಸುತ್ತೇನೆ.

ಇಬ್ಬರೂ ಸೇರಿ ಮಾಡಬೇಕು ಅಂದರೆ ಮೊದಲು ಕೇಳಿ. ಕೆಲವರಿಗೆ ಇದೆಲ್ಲ ಮುಜುಗರ, ಒತ್ತಾಯ ಬೇಡ. ಒಪ್ಪಿದರೆ ಎದುರುಬದುರು ಕೂತು ಒಬ್ಬೊಬ್ಬರು ಒಂದೊಂದು ಎತ್ತಿ. ತಮ್ಮ ಕಾರ್ಡಿನ ಬಗ್ಗೆ ತಾವೇ ಮಾತಾಡಬೇಕು. ಇನ್ನೊಬ್ಬರು "ಇದರ ಅರ್ಥ ಇದು" ಅಂತ ಬಾಯಿ ಹಾಕುವ ಹಾಗಿಲ್ಲ. "ಆಮೇಲೆ?" ಅಂತ ಮಾತ್ರ ಕೇಳಬಹುದು. ಮಾತು ಕಾರ್ಡು ಬಿಟ್ಟು ಎಲ್ಲೆಲ್ಲಿಗೋ ಹೋದರೆ ಹೋಗಲಿ, ಕಟ್ಟನ್ನು ಪಕ್ಕಕ್ಕಿಟ್ಟು ಮಾತಾಡಿ.